ಓರೆಯಾಗಿಟ್ಟ ಕುರ್ಚಿ

ತಪ್ಪೆಲ್ಲ ಕುರ್ಚಿಯದು ಎಂದು ಅವಳು ಆಮೇಲೆ ಎಷ್ಟೋ ಸಲ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಸೋಮವಾರ ಬೆಳಿಗ್ಗೆ, ಇಬ್ಬರೂ ಕೆಲಸ ಮಾಡುವ ಯುವಕೇಂದ್ರದೊಳಗೆ ಕಾಲಿಟ್ಟವನೇ ಅವಳ ಸಹೋದ್ಯೋಗಿ ಕೇರಂ ಬೋರ್ಡಿನ ಮೇಲೆ ಚೀಲ ಇಟ್ಟು ಸುದ್ದಿ ಹೇಳಿದ. ಇನ್ನೊಂದು ಊರಿನ ಕೇಂದ್ರದವರು ಅವನನ್ನು ಮುಖ್ಯಸ್ಥನಾಗಿ ಬಾ ಎಂದು ಕರೆದಿದ್ದರು. ಬುಧವಾರ ಸಂಜೆ ಐದರೊಳಗೆ ಉತ್ತರ ಕೊಡಬೇಕಿತ್ತು.

"ನೀವ್ ಹೇಳಿ, ಹೋಗ್ಲಾ?" ಎಂದು ಅವಳ ಕಣ್ಣನ್ನೇ ನೋಡುತ್ತಾ ಕೇಳಿದ.

ಹೋಗಬೇಡಿ ಎಂಬ ಮಾತು ಅವಳ ಗಂಟಲ ತನಕ ಬಂದಿತ್ತು. ಆದರೆ ಕೈ ತನ್ನಷ್ಟಕ್ಕೆ ಒಂದು ಕುರ್ಚಿ ಎಳೆದು, ಅವನ ಕುರ್ಚಿಗೆ ಸ್ವಲ್ಪ ಓರೆಯಾಗಿ ಇಟ್ಟುಬಿಟ್ಟಿತು. ಅವಳು ಕೂತಳು, ತುಸು ಮುಂದಕ್ಕೆ ಬಾಗಿದಳು, ಮನಸ್ಸಿನಲ್ಲೇ ಏಳರವರೆಗೆ ಎಣಿಸಿದಳು.

"ನಿಮಗೇನನಿಸ್ತಿದೆ?" ಎಂದಳು.

ಅವನ ಎಡಗೆನ್ನೆಯಲ್ಲಿ ಇನ್ನೇನು ಮೂಡಬೇಕಿದ್ದ ಗುಳಿ ಅಲ್ಲೇ ಮಾಯವಾಯಿತು. ಯೋಚಿಸುತ್ತೇನೆ ಎಂದು ಚೀಲ ಎತ್ತಿಕೊಂಡು ಹೊರಟುಹೋದ.

ಇದೆಲ್ಲ ಮೂರು ವರ್ಷದ ಹಿಂದಿನ ಸಂವಹನ ತರಬೇತಿಯ ಪ್ರಸಾದ. ಯುವಜನರ ಜೊತೆ ಕೆಲಸ ಮಾಡುವವರಿಗೆಂದು ಐದು ದಿನ ನಡೆದಿತ್ತು. ನೇರವಾಗಿ ಎದುರಿಗೆ ಕೂರಬೇಡಿ, ಪೊಲೀಸ್ ವಿಚಾರಣೆಯ ಹಾಗಿರುತ್ತದೆ. ಉತ್ತರಿಸುವ ಮುಂಚೆ ಏಳು ಎಣಿಸಿ. ಕೇಳಿದ್ದನ್ನು ನಿಮ್ಮ ಮಾತಿನಲ್ಲಿ ತಿರುಗಿ ಹೇಳಿ, "ಸರೀನಾ?" ಎಂದು ಕೇಳಿ, ಅವರು ಹೇಳದ್ದನ್ನು ಸೇರಿಸಬೇಡಿ. ಏನೇ ಆದರೂ ಸಲಹೆ ಮಾತ್ರ ಕೊಡಬೇಡಿ. ಉಳಿದವರು ಸರ್ಟಿಫಿಕೇಟಿನ ಜೊತೆ ಪಾಠವನ್ನೂ ಫೈಲಿಗೆ ಸೇರಿಸಿ ಮರೆತರು. ಇವರಿಬ್ಬರಿಗೆ ಮಾತ್ರ ಅದು ರಕ್ತಗತವಾಯಿತು. ಕೇಂದ್ರಕ್ಕೆ ಬರುವ ಹುಡುಗಿಯರು ಅವಳಿಗೆ ಸರೀನಾ ಅಕ್ಕ ಎಂದೇ ಹೆಸರಿಟ್ಟಿದ್ದರು.

ಸುಮ್ಮನೆ ಹಾಗಾಗಲಿಲ್ಲ. ತರಬೇತಿಯ ಎರಡನೆಯ ದಿನ ಅವರಿಬ್ಬರನ್ನು ಜೋಡಿ ಮಾಡಿ ಕೂರಿಸಿದ್ದರು. ಮೂರು ನಿಮಿಷ ಒಬ್ಬರು ಮಾತಾಡಬೇಕು, ಇನ್ನೊಬ್ಬರು ತುಟಿ ಬಿಚ್ಚಬಾರದು. ಅವನು ಚಿಕ್ಕಂದಿನ ತನ್ನ ತೊದಲಿನ ಬಗ್ಗೆ ಹೇಳಿದ. ಅಪ್ಪ, ಅಮ್ಮ, ಮೇಷ್ಟ್ರು, ಕೊನೆಗೆ ಅಂಗಡಿಯವನು ಕೂಡ ಅವನ ವಾಕ್ಯವನ್ನು ತಾವೇ ಮುಗಿಸಿಬಿಡುತ್ತಿದ್ದರಂತೆ. ಹೇಳುತ್ತಾ ಹೇಳುತ್ತಾ ಎರಡು ಕಡೆ ಸಿಕ್ಕಿಹಾಕಿಕೊಂಡ. ಅವಳು ಕಾದಳು, ಮುಗಿಸಿಕೊಡಲಿಲ್ಲ. ಮೂರನೆಯ ನಿಮಿಷದ ಕೊನೆಗೆ ಅವನು ತಲೆ ಎತ್ತಿ ನೋಡಿದ ಆ ಒಂದು ನೋಟಕ್ಕೆ ಅವಳು ಬಿದ್ದುಹೋದಳು. ಇವತ್ತಿಗೂ ಎದ್ದಿಲ್ಲ.

ಅಲ್ಲಿಂದ ಶುರುವಾದದ್ದು ಈ ಕಾಯುವ ಆಟ. ಅವನು ಹೇಳಲಿ ಎಂದು ಇವಳು, ಇವಳು ಹೇಳಲಿ ಎಂದು ಅವನು. ಇಬ್ಬರೂ ಕಿವಿ ಒಡ್ಡಿಕೊಂಡು ಕೂತರೆ ಮಾತು ಎಲ್ಲಿಂದ ಬರಬೇಕು?

ಮಂಗಳವಾರ ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಬಾಯಾರಿಕೆಯಿಲ್ಲದೆ ನಾಲ್ಕು ಸಲ ನೀರು ಕುಡಿದಳು. ವರದಿಯಲ್ಲಿ ಹೋದ ತಿಂಗಳ ಹೆಸರು ಬರೆದಳು. ಕಿಟಕಿಯಾಚೆ ಅವನು ಹರಿದ ಟೇಬಲ್ ಟೆನಿಸ್ ಬಲೆಗೆ ಶೂ ಲೇಸು ಕಟ್ಟುತ್ತಿದ್ದ. ಗಂಟು ಬಿಗಿದು ತಲೆ ಎತ್ತಿದಾಗ ಅವಳನ್ನು ಕಂಡ. ಬಲೆಯ ತುದಿ ಕೈಯಲ್ಲಿ ಹಾಗೇ ಉಳಿಯಿತು. ಮೊದಲು ಕಣ್ಣು ತಪ್ಪಿಸಿದವಳು ಅವಳೇ, ಆಮೇಲೆ ಅದಕ್ಕೂ ತನ್ನನ್ನು ಬೈದುಕೊಂಡಳು.

ಮನೆಗೆ ಬಂದರೆ ಅಮ್ಮ ಮಂಡಿ ನೋವು ಎಂದಳು.

"ಮಂಡಿ ನೋವಿಂದ ನಿನಗೆ ಬೇಜಾರಾಗಿದೆ, ಸರೀನಾ?"

"ಗೋಡೆ ಹತ್ರ ಮಾತಾಡೋದೇ ವಾಸಿ ಕಣೆ," ಎಂದಳು ಅಮ್ಮ. "ಅದು ತಿರುಗಿ ಹೇಳಲ್ಲ. ಎರಡು ದಿನದಿಂದ ಮುಖ ಊದಿಸ್ಕೊಂಡಿದ್ದೀಯ. ಊರವರ ಕಷ್ಟನೆಲ್ಲ ಕೇಳ್ತೀಯ, ನಿಂದೇನು ಅಂತ ಒಂದ್ಸಲ ಬಾಯ್ಬಿಟ್ಟು ಹೇಳೇ."

ಅವಳು ಏಳರವರೆಗೆ ಎಣಿಸಿದಳು. ಎಪ್ಪತ್ತರವರೆಗೆ ಎಣಿಸಿದರೂ ಹೇಳಲು ಬಾಯಿ ಬರಲಿಲ್ಲ. ಅಮ್ಮನ ಮಂಡಿಗೆ ಎಣ್ಣೆ ತಿಕ್ಕುತ್ತಾ ಕೂತಳು, ಆದರೆ ಆ ಮಾತು ಅವಳನ್ನು ಬಿಡಲಿಲ್ಲ.

ಬುಧವಾರ ನಾಲ್ಕೂಮುಕ್ಕಾಲಿಗೆ ಅವನು ಆಪ್ತಸಮಾಲೋಚನೆಯ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ. ಎದುರಿನ ಕುರ್ಚಿ ಎಂದಿನಂತೆ ಓರೆಯಾಗಿತ್ತು. ಅವಳು ಒಳಬಂದವಳೇ ಅದನ್ನು ಎತ್ತಿ ಅವನ ನೇರ ಎದುರಿಗೆ ಕುಕ್ಕಿ ಕೂತಳು. ಇಬ್ಬರ ಮಂಡಿಗಳ ನಡುವೆ ಒಂದು ಗೇಣೂ ಇರಲಿಲ್ಲ.

"ವಿಚಾರಣೆನಾ?" ಎಂದ.

"ಹೌದು. ಸೋಮವಾರ ಒಂದು ಮಾತು ಕೇಳಿದ್ರಿ, ನಾನು ಉತ್ತರ ಕೊಡ್ಲಿಲ್ಲ. ಹೋಗ್ಬೇಡಿ." ಅವಳು ಎಣಿಸಲಿಲ್ಲ, ನಿಲ್ಲಿಸಲೂ ಇಲ್ಲ. "ಇದು ಸಲಹೆ ಅಲ್ಲ, ನನ್ನ ಸ್ವಾರ್ಥ. ಅದು ದೊಡ್ಡ ಕೆಲಸ, ನೀವು ಅದಕ್ಕೆ ತಕ್ಕವರು, ಎಲ್ಲಾ ಗೊತ್ತು. ಆದ್ರೆ ಬೆಳಿಗ್ಗೆ ಗೇಟ್ ಸದ್ದಾದಾಗ ಬಂದಿದ್ದು ನೀವಲ್ಲ ಅಂತಾದ್ರೆ, ನನಗೆ ಇಲ್ಲಿಗೆ ಬರೋಕೆ ಕಾಲೇ ಏಳಲ್ಲ."

ಅವನ ತುಟಿ ಎಣಿಸುವ ಹಾಗೆ ಸಣ್ಣಗೆ ಅಲುಗತೊಡಗಿತು.

"ದಯವಿಟ್ಟು ಎಣಿಸ್ಬೇಡಿ," ಎಂದಳು.

"ಐದರವರೆಗೆ ಎಣಿಸಿದ್ದೆ," ಎಂದ. ಎರಡು ದಿನದಿಂದ ಕಾಣದಿದ್ದ ಗುಳಿ ಕೆನ್ನೆಗೆ ಮರಳಿತ್ತು.

ಅವನು ಲ್ಯಾಪ್‌ಟಾಪನ್ನು ಅವಳತ್ತ ತಿರುಗಿಸಿದ. ನಿಮ್ಮ ಆಹ್ವಾನಕ್ಕೆ ಧನ್ಯವಾದಗಳು ಎಂಬ ಒಂದೇ ಸಾಲಿತ್ತು. ಎರಡು ದಿನದಿಂದ ಅಲ್ಲಿಂದ ಮುಂದಕ್ಕೆ ಹೋಗಿಲ್ಲ, ಸೋಮವಾರ ತಾನು ಕೇಳಿದ್ದು ಕೆಲಸದ ಮಾತೇ ಅಲ್ಲ ಎಂದ. ಆಮೇಲೆ ತುಸು ಮುಂದಕ್ಕೆ ಬಾಗಿದ, ತರಬೇತಿಯಲ್ಲಿ ಕಲಿಸಿದ ಹಾಗೆ.

"ನಾನು ಅರ್ಥ ಮಾಡ್ಕೊಂಡಿದ್ದು ಹೇಳ್ತೀನಿ. ನಾನು ಹೋಗ್ಬಾರ್ದು. ಯಾಕಂದ್ರೆ ನಿಮಗೆ ನನ್ನ ಮೇಲೆ ಪ್ರ... ಪ್ರ..."

ಅವನ ಕಿವಿ ಕೆಂಪಾಯಿತು. ಅವಳು ಹೇಳದ್ದನ್ನು ಅವನು ಸೇರಿಸುತ್ತಿದ್ದ, ನಿಯಮಕ್ಕೆ ವಿರುದ್ಧವಾಗಿ. ಅವಳು ಮಾತ್ರ ಮೂರು ವರ್ಷದ ಅಭ್ಯಾಸದಂತೆ ಕಾದಳು. ಅವನು ಇನ್ನೊಮ್ಮೆ ಪ್ರಯತ್ನಿಸಿ, ಸೋತು ನಕ್ಕು, ಅಂಗೈಯನ್ನು ಮೇಲ್ಮುಖವಾಗಿ ಮಂಡಿಯ ಮೇಲಿಟ್ಟ.

"ಇದೊಂದ್ಸಲ ನೀವೇ ಮುಗಿಸ್ಕೊಡಿ."

"ಪ್ರೀತಿ," ಎಂದು ಅವಳು ಆ ಅಂಗೈಯಲ್ಲಿ ಕೈಯಿಟ್ಟಳು. "ಅವತ್ತಿನ ಮೂರನೇ ನಿಮಿಷದಿಂದ."

"ನನಗೂ," ಎಂದ ಅವನು, ಎಲ್ಲೂ ತಡವರಿಸದೆ. "ನನ್ನ ಮಾತು ಮುಗಿಯೋವರೆಗೆ ಕಾದ್ರಲ್ಲ, ಅವತ್ತಿಂದ."

ಅವನು ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡು ಬರಲಾಗುವುದಿಲ್ಲ ಎಂಬ ಎರಡನೆಯ ಸಾಲು ಬರೆಯತೊಡಗಿದ. ಐದಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಒಂದೇ ಕೈಯಲ್ಲಿ ಟೈಪ್ ಮಾಡಬೇಕಾದ್ದರಿಂದ ಅಷ್ಟೂ ಬೇಕಾಯಿತು.