ಹೆಬ್ಬೆರಳ ಗುರುತಿದ್ದ ಹಾಳೆ

"ತಿಂದುಬಿಟ್ರಾ...?!"

ಅವಳು ಖಾಲಿ ಡಬ್ಬಿಯನ್ನು ಮುಂದೆ ಚಾಚಿದಳು. ಎದುರಿಗೆ ತಲೆ ತಗ್ಗಿಸಿ ನಿಂತವನು ಅಂದೇ ಕೆಲಸಕ್ಕೆ ಸೇರಿದ ರುಚಿ ಪರೀಕ್ಷಕ.

"ಸ್ಯಾಂಪಲ್ ಅಂದ್ಕೊಂಡೆ ಮೇಡಂ..."

"ಹೊಟ್ಟೆಗೆ ಏನ್ರೀ ತಿಂತೀರಾ ನೀವು?"

ಆ ಪ್ರಶ್ನೆಯನ್ನು ಅವನಿಗೆ ಕೇಳಬಾರದಿತ್ತು ನೋಡಿ! ಪ್ಲಾಸ್ಟಿಕ್ಕಿನ ಬದಲು ಆಹಾರಕ್ಕೆ ಸುತ್ತುವ, ತಿನ್ನಲೂ ಬರುವ ಹಾಳೆ ಮಾಡುವ ಸಣ್ಣ ಕಾರ್ಖಾನೆ ಅವಳದು. ಪಿಷ್ಟ, ಕಡಲಪಾಚಿಯ ಪುಡಿ, ಚೂರು ಗ್ಲಿಸರಿನ್ ಹಾಕಿ ಕಾಯಿಸಿ, ಟ್ರೇಗೆ ತೆಳ್ಳಗೆ ಹುಯ್ದು, ಒಣಗಿಸಿ ಬಿಡಿಸುವುದು. ಬಿಡಿಸಿದ್ದನ್ನು ಬಾಯಿಗಿಟ್ಟು ನೋಡುವುದೇ ಅವನ ಕೆಲಸ.

ಆದರೆ ಆ ಡಬ್ಬಿಯಲ್ಲಿದ್ದ ಹಾಳೆ ಅವಳ ಗಂಡ ಹುಯ್ದ ಕೊನೆಯದು. ಅರ್ಧ ಒಣಗಿದ್ದಾಗಲೇ ಮುಟ್ಟಿ ನೋಡಿದ್ದ, ಮೂಲೆಯಲ್ಲಿ ಹೆಬ್ಬೆರಳು ಅಚ್ಚೊತ್ತಿತ್ತು. "ಆತುರಗಾರನಿಗೆ ಬುದ್ಧಿ ಮಟ್ಟ" ಎಂದು ಅವಳು ನಕ್ಕಿದ್ದಳು. ಅದೇ ವಾರ ಜ್ವರವೆಂದು ಮಲಗಿದವನು ಏಳಲೇ ಇಲ್ಲ. ಅಂದಿನಿಂದ ಅಪರೂಪಕ್ಕೊಮ್ಮೆ ಡಬ್ಬಿ ತೆರೆದು, ಆ ಗುರುತಿನ ಮೇಲೆ ತನ್ನ ಬೆರಳಿಟ್ಟು ಕೂರುತ್ತಿದ್ದಳು.

ಈಗ ಅದೂ ಇಲ್ಲ...

ಆ ದಿನದಿಂದ ಒಣಗಿಸುವ ಕೋಣೆಯಲ್ಲಿ ಅವಳು ಒಬ್ಬಳೇ ಇರಲಿಲ್ಲ.

ಟಕ್... ಟಕ್...

ಗುಳ್ಳೆ ಹೋಗಲೆಂದು ಟ್ರೇಯ ತಳಕ್ಕೆ ಗಂಡ ತಟ್ಟುತ್ತಿದ್ದ ಸದ್ದು! ತಿರುಗಿದರೆ ಯಾರೂ ಇಲ್ಲ. ಕತ್ತಿನ ಹಿಂದೆ ಮಾತ್ರ ಬಿಸಿ ಉಸಿರು ಸುಳಿದಂತಾಗಿ ಮೈಯೆಲ್ಲ ಮುಳ್ಳೇಳುತ್ತಿತ್ತು.

'ಕೋಪಾನಾ? ನಿಮ್ಮ ಗುರುತನ್ನ ಜೋಪಾನ ಮಾಡಲಿಲ್ಲ ಅಂತಾನಾ...?'

ಇನ್ನೂ ಕಷ್ಟದ ಸಂಗತಿಯೆಂದರೆ, ಪರೀಕ್ಷಕನ ತಮಾಷೆಗೆ ಅವಳ ತುಟಿ ಒಂಚೂರು ಅರಳಿದರೆ ಸಾಕು, ಆ ಸದ್ದು ಬರುತ್ತಿತ್ತು. ಹೆದರಿಕೆಗೆ ಅವಳು ಅವನ ಮೇಲೇ ಹರಿಹಾಯುತ್ತಿದ್ದಳು. ಅವನೋ, ಬೈಸಿಕೊಳ್ಳುತ್ತಲೇ ಮುಂದಿನ ಹಾಳೆ ಬಾಯಿಗಿಡುತ್ತಿದ್ದ. ಪಾಪ!

ಒಂದು ಮಧ್ಯಾಹ್ನ ಹಾಳೆ ಬಿಡಿಸುತ್ತಿದ್ದ ಅತ್ತೆಯ ಮುಂದೆ ಬಂದು ಕೂತಳು.

"ಅತ್ತೆ, ಅವರನ್ನ ಕೆಲಸದಿಂದ ತೆಗೆದುಬಿಡ್ತೀನಿ. ಅವರಿದ್ರೆ ನಂಗೆ ನಗು ಬರುತ್ತೆ... ನಕ್ಕರೆ ಇವರ ಮುಖ ಮರೆತುಹೋಗುತ್ತೇನೋ ಅಂತ ಭಯ ಆಗುತ್ತೆ!"

ಅತ್ತೆಯ ಕೈ ನಿಂತಿತು.

"ಅವನು ತಿಂದಿಲ್ಲ ಕಣೇ."

"ಏನು?!"

"ಅವತ್ತು ಬೆಳಿಗ್ಗೆ ಮಗನ ಬೆರಳಿನ ಗುರುತು ನೋಡೋಣ ಅಂತ ನಾನೇ ಡಬ್ಬಿ ತೆಗೆದೆ. ಕಪ್ಪು ಬೂಷ್ಟು ಹಿಡಿದಿತ್ತು. ಮುಟ್ಟಿದ್ದೇ ತಡ, ಪುಡಿಪುಡಿ. ನಾನು ಗೋಳಾಡೋದು ಕೇಳಿ ಅವನು ಓಡಿ ಬಂದ, ಎಲ್ಲಾ ಹೇಳ್ದೆ. 'ಅವರಿಗೆ ಇದನ್ನ ತೋರಿಸ್ಬೇಡಿ ಅಮ್ಮಾ, ನಾನು ತಿಂದೆ ಅಂತೀನಿ' ಅಂದ." ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಣ್ಣಾಗಿ ಹೋಗಲಿ ಅಂತಾನೇ ಅಲ್ವೇನೇ ನನ್ನ ಮಗ ಅದನ್ನ ಮಾಡಿದ್ದು? ನಾವಿಬ್ರೂ ಬಿಡದೆ ಹಿಡ್ಕೊಂಡು ಕೂತ್ವಿ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಎದ್ದು ನೆಟ್ಟಗೆ ಒಣಗಿಸುವ ಕೋಣೆಗೆ ಹೋದಳು. ಅವನು ಅಲ್ಲೇ ಇದ್ದ.

"ಯಾಕ್ರೀ ಸುಳ್ಳು ಹೇಳಿದ್ರಿ?"

ಅವನಿಗೆ ಅರ್ಥವಾಯಿತು. "ನನ್ನ ಮೇಲಿನ ಸಿಟ್ಟು ಒಂದಿನ ಇಳಿಯುತ್ತೆ ಮೇಡಂ. ಆ ಬೂಷ್ಟು ನೋಡಿದ್ರೆ ನಿಮ್ಮ ಕಣ್ಣಿಂದ ಹೋಗ್ತಿರ್ಲಿಲ್ಲ."

"ಇಷ್ಟು ದಿನ ಬಾಯಿಗೆ ಬಂದ ಹಾಗೆ ಬೈದ್ನಲ್ಲ..."

"ಬೈಯೋಕಾದ್ರೂ ನನ್ನ ಹತ್ರ ಬರ್ತಿದ್ರಲ್ಲ..." ಅವನ ಧ್ವನಿ ಇಳಿಯಿತು. "ಅಷ್ಟೇ ಸಾಕಿತ್ತು ನಂಗೆ."

ಟಕ್... ಟಕ್...

ಅವಳು ಬೆಚ್ಚಿದಳು. ಅವನೂ ಅದೇ ಮೂಲೆಯತ್ತ ತಿರುಗಿದ್ದ!

"ನಿಮಗೂ... ಕೇಳಿಸ್ತಾ?"

"ಬಂದ ದಿನದಿಂದ ಕೇಳಿಸ್ತಿದೆ. ಮೊದಮೊದಲು ಕೈಕಾಲು ತಣ್ಣಗಾಗ್ತಿತ್ತು. ಈಗ 'ನಮಸ್ಕಾರ ಸಾರ್' ಅಂತೀನಿ."

ಅವಳಿಗೆ ಅಳುವಿನ ನಡುವೆಯೇ ನಗು ಉಕ್ಕಿತು. ಈ ಸಲ ನಕ್ಕರೂ ಸದ್ದು ಬರಲಿಲ್ಲ.

"ಇವರು ನನ್ನ ಬಿಟ್ಟು ಹೋಗಲ್ಲ. ನಾನು ನಿಮ್ಮ ಮನೆಗೆ ಬಂದ್ರೂ ಜೊತೇಲಿ ಬರ್ತಾರೆ. ಯೋಚನೆ ಮಾಡಿ."

"ಬರ್ಲಿ ಬಿಡಿ. ಅವರನ್ನ ಓಡಿಸಿ ನಿಮ್ಮನ್ನ ಕೇಳ್ತಿಲ್ಲ ನಾನು."

ಅವಳು ಮೆಲ್ಲಗೆ ಅವನ ಕೈ ಹಿಡಿದಳು.

"ನಾನು ಇನ್ನೂ ಬೈತೀನಿ."

"ಬೈರಿ."

"ದಿನಾ ಬೈತೀನಿ!"

"ಜೀವನ ಪೂರ್ತಿ ಅನ್ನಿ... ಒಪ್ಕೋತೀನಿ."