ಕೌದಿಗೆ ಉಣಿಸಿದ ಹೋಳಿಗೆ

"ಕುರಿ ಮೊದಲ ಯಾವ ಕಾಲ ಎತ್ತತೈತಿ?"

ಕೇಳಿದವನಿಗೆ ಉತ್ತರ ಕೊಡಲು ಅಲ್ಲಿ ಯಾರೂ ಇರಲಿಲ್ಲ. ತಿಕೋಟಾದ ಹೆಣ್ಣುಮಕ್ಕಳ ಸಾಲೆಯ ಕೊನೆಯ ಕೋಣೆಯಲ್ಲಿ ಅವನೊಬ್ಬನೇ ನೆಲದ ಮೇಲೆ ಬೋರಲು ಮಲಗಿದ್ದ. ಎದುರಿಗೆ ಅಗಲವಾಗಿ ಹಾಸಿದ, ಹಳೆಯ ಬಟ್ಟೆಯ ತುಂಡು ಕೂಡಿಸಿ ಹೊಲಿದ ಕೌದಿ. ಅದರ ಮೇಲೆ ಅಂಗೈಯಷ್ಟು ದೊಡ್ಡ ಬಟ್ಟೆಯ ಕುರಿಮರಿ. ಎರಡು ಮೇಜುಗಳ ನಡುವೆ ಬಿಗಿದ ಹಲಗೆಯಿಂದ ಕ್ಯಾಮರಾವೊಂದು ತಲೆ ಬಗ್ಗಿಸಿ ಕೌದಿಯನ್ನೇ ದಿಟ್ಟಿಸುತ್ತಿತ್ತು.

"ಹಿಂದಿನ ಕಾಲ್ರಿ."

ಅವನು ದಡಬಡಿಸಿ ಎದ್ದ. ತಲೆ ಹಲಗೆಗೆ ಬಡಿಯಿತು. ಕ್ಯಾಮರಾ ಅಲುಗಾಡಿತು. ತಲೆಯನ್ನು ಬಿಟ್ಟು ಕ್ಯಾಮರಾವನ್ನು ಹಿಡಿದುಕೊಂಡ.

ಬಾಗಿಲಲ್ಲಿ ಸೀಮೆಸುಣ್ಣದ ಡಬ್ಬಿ ಹಿಡಿದು ನಿಂತಿದ್ದವಳು ಗುರುಬಾಯಿ, ಮೂರನೆಯ ಇಯತ್ತೆಯ ಅಕ್ಕೋರು. ಬಂದ ನಗುವನ್ನು ಅವಳು ತುಟಿಯಲ್ಲೇ ಕಚ್ಚಿ ಹಿಡಿದಳು. ಮರುಕ್ಷಣ ಕಣ್ಣು ಕೌದಿಯ ಮೇಲೆ ಬಿತ್ತು... ನಗು ಹಾರಿಹೋಯಿತು.

ಹಸಿರು ಇಳಕಲ್ಲಿನ ತುಂಡು. ಅದರ ಪಕ್ಕದಲ್ಲಿ ಮಾಸಿದ ಕೆಂಪು ಚೌಕಡಿ. ಅವ್ವನ ಸೀರೆಗಳು!

"ಇದು ನನ್ನ ಕೌದಿ," ಅಂದಳು. "ನಿಮ್ಮ ಕಡೆ ಹೆಂಗ ಬಂತು?"

ಅವನು ತಡವರಿಸುತ್ತ ಹೇಳಿದ. ಮಕ್ಕಳ ಕೈಯಿಂದ ಗೊಂಬೆ ಸಿನಿಮಾ ಮಾಡಿಸಲು ಧಾರವಾಡದ ಒಂದು ಶಿಕ್ಷಣ ಸಂಸ್ಥೆ ಅವನನ್ನು ಕಳಿಸಿತ್ತು. ಕುರಿ ಹೊಲಿದು ಕೊಟ್ಟವರು ಓಣಿಯ ಕೌದಿ ಹೊಲಿಯುವ ಹೆಣ್ಣುಮಕ್ಕಳು. ಹುಲ್ಲುಗಾವಲಿಗೆ ಬಣ್ಣ ಬೇಕೆಂದಾಗ, ಅವರಲ್ಲಿ ಹಿರಿಯಳಾದ ಚಾಂದಬಿ ಈ ಕೌದಿ ತಂದು ಹಾಸಿದ್ದಳು.

"ನಿಮ್ಮ ಹೆಸರು?"

"ಅಮೋಘಿ."

"ಅಮೋಘಿ ಅಂತ ಕುರುಬರ ದೇವರ ಹೆಸರ ಇಟಗೊಂಡು ಕುರಿ ನಡಿಗಿ ಗೊತ್ತಿಲ್ಲೇನ್ರಿ?"

ಅವನ ಕಿವಿ ಕೆಂಪಾದವು. ಅಜ್ಜನ ಹಿಂಡು ಇಟ್ಟಂಗಿಹಾಳದಲ್ಲಿತ್ತಂತೆ. ಅಪ್ಪ ವಿಜಾಪುರದ ಗಾಂಧಿ ಚೌಕದ ಕಾಳಿನ ಅಂಗಡಿಗೆ ಕೆಲಸಕ್ಕೆ ಸೇರಿದ. ಮಗ ಮೂಟೆಗಳ ನಡುವೆ ಬೆಳೆದು ಫೋಟೋ ಸ್ಟುಡಿಯೋ ಸೇರಿದ. ಕುರಿಯನ್ನು ಅವನು ಹತ್ತಿರದಿಂದ ನೋಡಿದ್ದು ಸಂತೆಯಲ್ಲಿ ಮಾತ್ರ, ಅದೂ ಕಾಲು ಕಟ್ಟಿಸಿಕೊಂಡು ಮಲಗಿದ್ದವನ್ನು.

ಗುರುಬಾಯಿ ಸಿಟ್ಟಿನಿಂದಲೇ ಚಾಂದಬಿಯ ಮನೆಗೆ ನಡೆದಳು. ಅವ್ವ ತೀರಿಕೊಂಡಾಗ ಅವಳಿಗೆ ಹತ್ತು ವರ್ಷ. ಅವ್ವನ ಗೆಳತಿಯಾಗಿದ್ದ ಚಾಂದಬಿ ಆ ಸೀರೆಗಳನ್ನೆಲ್ಲ ಜೋಪಾನವಾಗಿ ಎತ್ತಿಟ್ಟು, ಈಗ ಗುರುಬಾಯಿಗೆ ಎಂದಾದರೂ ಆಗುವ ಲಗ್ನಕ್ಕೆಂದು ಕೌದಿ ಹೊಲಿಯುತ್ತಿದ್ದಳು.

"ಹಾಸಿದ್ರ ಸವೀತೈತೇನ ಬೇ?" ಸೂಜಿಯಿಂದ ಕಣ್ಣೆತ್ತದೆ ಚಾಂದಬಿ ಅಂದಳು. "ಮಕ್ಕಳ ಆಟಕ್ಕ ಕೊಟ್ಟೇನಿ. ಒಂದ ಮೂಲಿ ಹೊಲಿಯೂದು ಇನ್ನೂ ಉಳದೈತಿ. ಲಗ್ನದಾಗ ನಿನ್ನೂ ಕೌದಿನೂ ಕೂಡೇ ಕಳಸ್ತೇನಿ. ಬ್ಯಾರೆ ಬ್ಯಾರೆ ಕಳಸಂಗಿಲ್ಲ."

ಮರುದಿನದಿಂದ ಸಾಲೆ ಬಿಟ್ಟ ಮೇಲೆ ಗುರುಬಾಯಿ ಆ ಕೋಣೆಯಲ್ಲಿ ಕೂರತೊಡಗಿದಳು. ಕೌದಿ ಕಾಯಲು ಎಂದು ತನಗೆ ತಾನೇ ಹೇಳಿಕೊಂಡಳು.

ಕೆಲಸವೆಂದರೆ ಎಂಥ ಕೆಲಸ! ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಚಿತ್ರ. ಮರಿಯ ಕಾಲನ್ನು ಜೋಳದ ಕಾಳಿನಷ್ಟು ಸರಿಸಬೇಕು, ಕೈ ಹಿಂದೆ ತೆಗೆಯಬೇಕು, ಅಮೋಘಿ ಎರಡು ಸಲ ಗುಂಡಿ ಒತ್ತಬೇಕು, ಮತ್ತೆ ಸರಿಸಬೇಕು. ಹನ್ನೆರಡು ಸಲ ಸರಿಸಿದರೆ ಕಣ್ಣು ಮಿಟುಕಿಸುವಷ್ಟು ಸಿನಿಮಾ. ಮಕ್ಕಳು ಉಸಿರು ಬಿಗಿಹಿಡಿದು ಸುತ್ತ ಕೂರುತ್ತಿದ್ದರು. ಲೆಕ್ಕ ಇಡುವವಳು ಅವರಲ್ಲೊಬ್ಬಳಾದ ಅಬೇದಾ. ಎಣಿಕೆ ತಪ್ಪಿದರೆ ಅವಳು ಅಮೋಘಿಯನ್ನೂ ಗದರುತ್ತಿದ್ದಳು.

ಕಥೆ ಮಕ್ಕಳದೇ. ಬಬಲೇಶ್ವರದ ದಾರಿಯಲ್ಲಿ ಹಿಂಡು ತಪ್ಪಿದ ಮರಿಯೊಂದು ತಾಯಿಯ ಗಂಟೆಯ ಸದ್ದು ಹಿಡಿದು ಮನೆ ಸೇರುವುದು.

ಆದರೆ ಮರಿಯ ನಡಿಗೆ ಕೂಡಿಬರಲಿಲ್ಲ. ಒಮ್ಮೆ ಓಡಿದಂತೆ, ಒಮ್ಮೆ ಕುಂಟಿದಂತೆ. ಮೂರನೆಯ ದಿನ ಗುರುಬಾಯಿ ಮೆಲ್ಲಗೆ ಒಂದು ಪದ ಹಾಡತೊಡಗಿದಳು. ಅದು ಅವಳಪ್ಪ ಸಿದ್ದರಾಯ ಕುರಿ ಕಾಯುತ್ತ ಹೇಳುವ ಪದ. ಅಮಾವಾಸ್ಯೆಗೊಮ್ಮೆ ಗುಡಿಯ ಕಟ್ಟೆಯಲ್ಲಿ ಅವನು ಹಾಡಿದರೆ, ಕಂಬಕ್ಕೊರಗಿ ಕೇಳುತ್ತ ಬೆಳೆದವಳು ಅವಳು.

*ಹಿಂಡು ಬಿಟ್ಟ ಮರಿಯೆ, ಹೆಜ್ಜೆ ಹಿಡಿದು ಬಾರೆ...*

ಒಂದು ಸಾಲಿಗೆ ಎಂಟು ಹೆಜ್ಜೆ. ಸಾಲು ಮುಗಿದಾಗ ಒಂದು ಗಳಿಗೆ ನಿಲ್ಲುವುದು. ಪದದ ಅಳತೆಗೆ ಕಾಲು ಸರಿಸಿದರೆ ಮರಿ ಜೀವ ಬಂದಂತೆ ನಡೆಯುತ್ತದೆಂದು ಅಮೋಘಿಗೆ ಹೊಳೆಯಿತು. ಅವನು ಗುಂಡಿ ಒತ್ತುವುದನ್ನು ಮರೆತು ಅವಳನ್ನೇ ನೋಡುತ್ತ ಕುಳಿತ.

"ಸರ್, ಚಿತ್ರ ಹೊಡೀರಿ," ಅಂದಳು ಅಬೇದಾ. "ಅಕ್ಕೋರ ಎಲ್ಲೂ ಓಡಿ ಹೋಗಂಗಿಲ್ಲ."

ಗುರುಬಾಯಿ ತಲೆ ತಗ್ಗಿಸಿದಳು. ಎದೆಯೊಳಗೆ ಯಾವುದೋ ಮರಿ ಪುಟುಪುಟು ಹೆಜ್ಜೆ ಇಟ್ಟಂತಾಯಿತು. 'ಇದೇನಿದು... ಕೌದಿ ಕಾಯಲು ಬಂದವಳಲ್ಲವೇ ನಾನು?'

ಎಳ್ಳಮಾವಾಸ್ಯೆ ಬಂತು. ಅಮೋಘಿ ಕೊನೆಯ ರೀಲು ತರಲು ವಿಜಾಪುರಕ್ಕೆ ಹೋಗಿದ್ದ. ಊರೆಲ್ಲ ಹೊಲಗಳಿಗೆ ಹೋಗಿ ಚರಗ ಚೆಲ್ಲಿ, ಭೂಮಿತಾಯಿಗೆ ಉಣಿಸಿ ಬಂದಿತ್ತು. ಆ ಸಂಜೆ ಕೌದಿಯ ಕೊನೆಯ ಮೂಲೆ ಹೊಲಿಯೋಣವೆಂದು ಚಾಂದಬಿ ಸೂಜಿ ಪೋಣಿಸಿದಳು. ಗುರುಬಾಯಿ ಒಂದು ಹೋಳಿಗೆಯ ಚೂರನ್ನು ಆ ಮೂಲೆಯೊಳಗಿಟ್ಟು ಕಣ್ಣು ಮುಚ್ಚಿ ಕೈ ಮುಗಿದಳು.

ಕೌದಿ ಹಸಿದಿರಬಾರದು. ಹಸಿದ ಕೌದಿ ಹೊದ್ದವರಿಗೆ ನೆಮ್ಮದಿಯಿಲ್ಲ. ಅವ್ವನೂ ಹೀಗೆಯೇ ಮಾಡುತ್ತಿದ್ದಳು. ಇದನ್ನು ಅಮೋಘಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ದೀಪ ಹಚ್ಚಿದ್ದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ?

ಮರಿ ತಾಯಿಯನ್ನು ಸೇರುವ ಕೊನೆಯ ನೋಟ ತೆಗೆದದ್ದು ಆ ಮೂಲೆಯಲ್ಲೇ. ನಾಲ್ಕಾರು ಇರುವೆ ಬಂದವು. ಕಂಡವನ್ನು ಮಕ್ಕಳು ಊದಿ ಕಳಿಸಿದರು. ಎಲ್ಲರ ಕಣ್ಣೂ ಮರಿಯ ಮೇಲೆ, ಒಂದೊಂದು ಚಿತ್ರಕ್ಕೆ ಒಂದೊಂದು ಕಡೆ ಇದ್ದ ಇರುವೆಯನ್ನು ನೋಡುವವರಾರು? ರೀಲು ತೊಳೆದು ಬರಲು ಮುಂಬಯಿಗೆ ಹೋಯಿತು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಅಮೋಘಿ ಬಂದ. ಗುರುಬಾಯಿ ಚಾಂದಬಿಯ ಪಡಸಾಲೆಯಲ್ಲಿ ಕುಳಿತಿದ್ದಳು. ಅವನನ್ನು ಕಂಡು ಮುಖ ಅರಳಿತು. ಅವನು ಅವಳತ್ತ ನೋಡಲೇ ಇಲ್ಲ. ಗಳದ ಮೇಲಿದ್ದ ಕೌದಿ ಎಳೆದು, ಜೇಬಿನಿಂದ ಬ್ಲೇಡು ತೆಗೆದು, ಇರುವೆಯೊಂದು ನುಸುಳುತ್ತಿದ್ದ ಮೂಲೆಯ ಹೊಲಿಗೆಯನ್ನು ಸರ್ರನೆ ಕೊಯ್ದ.

ಒಣಗಿದ ಹೋಳಿಗೆಯ ಪುಡಿ ಉದುರಿತು. ಜೊತೆಗೆ ಎರಡು ಇರುವೆ.

"ಇದ್ಯಾವ ಹುಚ್ಚತನ?" ಅವನು ಬ್ಲೇಡಿನಿಂದಲೇ ಆ ಪುಡಿಯತ್ತ ತೋರಿಸಿದ. "ಮೂರ ತಿಂಗಳ ಕೆಲಸ್ರಿ. ತಾಯಿ-ಮರಿ ಕೂಡೂ ಹೊತ್ತಿಗೆ ಪಡದೆ ತುಂಬ ಇರುವಿ ಓಡ್ಯಾಡತಾವು. ಇನ್ನೊಂದ ರೀಲಿಲ್ಲ. ಧಾರವಾಡದವರು ನೋಡಿ ಬ್ಯಾಡ ಅಂದ್ರ ಕ್ಯಾಮರಾ ವಾಪಸ್, ನಾನೂ ವಾಪಸ್. ಬಟ್ಟಿಗೆ ಎಲ್ಲೆರೆ ಹಸಿವಿರತೈತೇನು?"

ಗುರುಬಾಯಿ ಎದ್ದು ನಿಂತಳು. ಕೊಯ್ದ ಜಾಗದಲ್ಲಿ ಅವ್ವನ ಹಸಿರು ಸೀರೆಯ ನೂಲು ಜೋಲುತ್ತಿತ್ತು.

"ನಾನ ಇಟ್ಟೇನಿ," ಅಂದಳು. ಕೌದಿಯನ್ನು ಮಡಚಿ ಎದೆಗೊತ್ತಿಕೊಂಡು ಹೊರಟುಹೋದಳು.

ಅಮೋಘಿ ಬ್ಲೇಡು ಹಿಡಿದಲ್ಲೇ ಕಲ್ಲಾದ. ಚಾಂದಬಿ ಬಯ್ಯಲಿಲ್ಲ. ಅವನನ್ನು ಕೂಡಿಸಿ, ಆ ಹಸಿರು ಸೀರೆ ಯಾರದು, ಆ ಚೂರು ಯಾಕೆ ಇಡುತ್ತಾರೆ, ಅದನ್ನಿಡುವಾಗ ಆ ಹುಡುಗಿ ಯಾರ ಹೆಸರು ನೆನೆದಿರಬಹುದು ಎಂದು ನಿಧಾನವಾಗಿ ಹೇಳಿದಳು. ಕೇಳುತ್ತ ಕೇಳುತ್ತ ಅವನು ಮುಖ ಮುಚ್ಚಿಕೊಂಡ.

ಮರುದಿನ ಗುರುಬಾಯಿಯ ಮನೆಗೆ ಹೋದ. ಬಾಗಿಲು ತೆರೆಯಲಿಲ್ಲ. ಒಳಗೆ ಅವಳು ಗೋಡೆಗೊರಗಿ ಕಣ್ಣೀರು ಒರೆಸಿಕೊಳ್ಳುತ್ತಿದ್ದಳು. 'ಅವನ ಕಣ್ಣಿಗೆ ನಾನು ಹುಚ್ಚಿ... ಅವನ ಕೆಲಸ ಹಾಳು ಮಾಡಿದವಳೂ ನಾನೇ. ಯಾವ ಮುಖ ತೋರಿಸಲಿ?'

ಸಿನಿಮಾ ತೋರಿಸುವ ದಿನ ಬಂತು. ಕರೆಂಟು ಇದ್ದದ್ದು ಬಬಲೇಶ್ವರದ ಸಾಲೆಗೆ ಮಾತ್ರ, ಹಾಗಾಗಿ ಅಲ್ಲೇ ತೋರಿಸುವುದೆಂದಾಯಿತು. ಹಗಲಲ್ಲೇ ಕತ್ತಲು ಮಾಡಬೇಕಿತ್ತು. ಸಿದ್ದರಾಯ ತನ್ನ ಕರಿ ಕಂಬಳಿಗಳನ್ನೆಲ್ಲ ತಂದು ಕಿಟಕಿಗೆ ಕಟ್ಟಿದ. ಗುರುಬಾಯಿ ಬರಲೊಲ್ಲೆನೆಂದಳು. ಆದರೆ ಅಬೇದಾ ಬಿಡಲಿಲ್ಲ. ಕೌದಿಯೂ ಪಾರ್ಟು ಮಾಡಿದೆ, ಅದು ಬರದೆ ಸಿನಿಮಾ ಹೇಗೆ ಶುರುವಾಗುತ್ತದೆ ಎಂದು ಹಟ ಹಿಡಿದಳು. ಕೌದಿಯನ್ನು ಒಂಟಿಯಾಗಿ ಕಳಿಸಲಾರದೆ ಗುರುಬಾಯಿಯೂ ಬಂದಳು. ಹಿಂದೆ, ಬಾಗಿಲ ಬಳಿ ಕುಳಿತಳು.

ಸಿನಿಮಾಕ್ಕೆ ದನಿಯಿರಲಿಲ್ಲ. ದನಿ ಸಿದ್ದರಾಯನದು. ಗೋಡೆಯ ಮೇಲೆ ಬೆಳಕು ಬಿತ್ತು, ಅವನು ಪದ ಎತ್ತಿದ. ಮರಿ ಹಿಂದಿನ ಕಾಲೆತ್ತಿತು.

"ಯವ್ವಾ, ನಡೀತ ನೋಡು," ಅಂದಳು ಯಾರೋ ಮುದುಕಿ.

ಮರಿ ನಡೆಯಿತು. ಅವ್ವನ ಸೀರೆಯ ಮೇಲೆ, ಅಪ್ಪನ ಪದದ ಅಳತೆಗೆ. ಗುರುಬಾಯಿಯ ಕಣ್ಣು ತುಂಬಿತು. ಇನ್ನೇನು ಆ ಮೂಲೆ ಬರುತ್ತದೆ... ಅವಳು ಸೆರಗಿನ ತುದಿ ಬಿಗಿಹಿಡಿದಳು.

ಬಂತು. ತಾಯಿಕುರಿಯ ಸುತ್ತ ಕಪ್ಪು ಚುಕ್ಕೆಗಳು ಪುಳಕ್ಕನೆ ಮೂಡಿ, ಮಾಯವಾಗಿ, ಮತ್ತೆ ಮೂಡಿದವು. ಸಿದ್ದರಾಯ ಒಂದು ಗಳಿಗೆ ತಡೆದ. ಆಮೇಲೆ ಅದೇ ಧಾಟಿಯಲ್ಲಿ, ಎಂದೂ ಹಾಡಿರದ ಸಾಲೊಂದನ್ನು ಕಟ್ಟಿ ಹಾಡಿಬಿಟ್ಟ.

*ಇರುವೆಗೂ ಪಾಲಿಟ್ಟ ಮನೆಯ ಗುರುತು ಹಿಡಿದು, ಮರಿಯು ಬಂತು ತಾಯಿಯೆ...*

"ಕೌದಿಗೆ ಉಣಿಸ್ಯಾರ ಬೇ," ಹೆಣ್ಣುಮಕ್ಕಳ ನಡುವಿನಿಂದ ಒಂದು ದನಿ ಬಂತು. ನಗು ಹಬ್ಬಿತು. ಚಪ್ಪಾಳೆ ಬಿತ್ತು. ಮಕ್ಕಳು ಬೆಂಚು ಹತ್ತಿ ಕುಣಿದರು.

ಕಂಬಳಿ ಸರಿಸಿದಾಗ ಧಾರವಾಡದ ಸಂಸ್ಥೆಯಿಂದ ಬಂದಿದ್ದ ಹಿರಿಯ ಹೆಣ್ಣುಮಗಳು ಕನ್ನಡಕ ಒರೆಸುತ್ತ ಅಮೋಘಿಯನ್ನು ಕೇಳಿದರು: ಆ ಇರುವೆಗಳನ್ನೂ ನೀವೇ ಯೋಚಿಸಿ ಇಟ್ಟದ್ದೇ?

ಹೌದೆಂದರೆ ಮುಗಿದುಹೋಗುತ್ತಿತ್ತು. ಗುರುಬಾಯಿ ಹಿಂದಿನಿಂದ ಕತ್ತು ಚಾಚಿ ನೋಡಿದಳು.

"ಇಲ್ರಿ," ಅಂದ ಅಮೋಘಿ. "ಅವನ್ನ ನೋಡಿ ನಾ ಸಿನಿಮಾ ಹಾಳಾತು ಅಂದೆ. ನನಗ ತಿಳೀಲಿಲ್ಲ. ಆ ಕೌದಿಗೆ ಉಣಿಸಿದವರು ನಮ್ಮ ಗುರುಬಾಯಿ ಅಕ್ಕೋರು. ನಡಿಗಿ ಅವರದು, ಪದ ಅವರಪ್ಪಂದು. ಗುಂಡಿ ಒತ್ತಿದ್ದಷ್ಟ ನಂದು."

ಆ ಹಿರಿಯರು ನಕ್ಕರು. ಇನ್ನೆರಡು ವರ್ಷ ಕ್ಯಾಮರಾ ಅವನ ಬಳಿಯೇ ಇರಲಿ, ಭೂತನಾಳದಿಂದ ಹಿಡಿದು ಹತ್ತು ಊರಿನ ಮಕ್ಕಳು ಇಂಥ ಸಿನಿಮಾ ಮಾಡಲಿ ಎಂದು ಅಲ್ಲೇ ಬರೆದುಕೊಟ್ಟರು.

ಜನ ಕರಗಿದ ಮೇಲೆ ಗುರುಬಾಯಿ ಕೌದಿ ಮಡಚುತ್ತಿದ್ದಳು. ಅಮೋಘಿ ಎದುರಿಗೆ ಬಂದು ಕುಳಿತ. ಜೇಬಿನಿಂದ ಕಾಗದದ ಪೊಟ್ಟಣ ತೆಗೆದ. ಒಳಗೆ ಹೋಳಿಗೆಯ ಚೂರು.

"ನಮ್ಮವ್ವ ಮಾಡ್ಯಾಳ. ನಾ ಬಿಚ್ಚಿದ ಮೂಲಿಗೆ ನಾನ ಉಣಸ್ತೇನಿ... ನೀವು ಒಪ್ಪಿದ್ರ."

ಅವಳು ಕೌದಿಯ ಆ ಮೂಲೆ ಬಿಡಿಸಿದಳು. ಸೂಜಿ-ದಾರ ಮುಂದೆ ಸರಿಸಿದಳು. ಅವನು ಹೋಳಿಗೆಯನ್ನಿಟ್ಟು, ನಾಲಿಗೆ ಕಚ್ಚಿ, ಬೆರಳಿಗೆ ಎರಡು ಸಲ ಚುಚ್ಚಿಕೊಂಡು ಹೊಲಿದ. ಹೊಲಿಗೆ ಕುಡಿದವನ ದಾರಿಯಂತೆ ಸೊಟ್ಟಗೆ ಹೋಗಿತ್ತು. ಅವಳು ಅದರ ಮೇಲೆ ಬೆರಳಾಡಿಸಿದಳು.

"ಕುರಿಗಿಂತ ಕಡೆ ನಡದೈತಿ," ಅಂದಳು.

"ನಾಳೆ ನಮ್ಮಪ್ಪನ್ನ ಕರಕೊಂಡು ನಿಮ್ಮ ಮನಿಗೆ ಬರತೇನ್ರಿ," ಅವನು ಒಂದೇ ಉಸಿರಿಗೆ ಅಂದ. "ನಿಮ್ಮಪ್ಪನ ಮುಂದ ಕೇಳೂದೈತಿ. ಬರಲೇನು?"

ಅವಳ ಕೆನ್ನೆ ಬಿಸಿಯಾಯಿತು. ಆ ಮಡಿಕೆಯನ್ನೇ ಮತ್ತೆ ಬಿಚ್ಚಿ ಮತ್ತೆ ಮಡಚಿದಳು.

"ಬರೂವಾಗ ಬಾಗಿಲಕ್ಕ ತಲಿ ಬಡಿಸ್ಕೋಬ್ಯಾಡ್ರಿ."

ಅವನ ಮುಖ ಬೆಳಗಿತು. ಕುಳಿತಲ್ಲಿ ಕೂರಲಾರದೆ ಎದ್ದ, ಕ್ಯಾಮರಾ ಹೆಗಲಿಗೇರಿಸಿದ, ಬಾಗಿಲವರೆಗೆ ಹೋಗಿ ಮತ್ತೆ ತಿರುಗಿ ಬಂದು ಕೈ ಚಾಚಿದ.

"ಸೋಮವಾರ ಭೂತನಾಳದ ಸಾಲ್ಯಾಗ ಶುರು ಮಾಡೂದೈತಿ. ಲಗ್ನ ಆಗೂತನಕ ಆ ಕೌದಿ ನನ್ನ ಕಡೆ ಇರಲಿ. ಕೊಡ್ರಿ."

ಗುರುಬಾಯಿ ಕೌದಿಯನ್ನು ಎರಡೂ ಕೈಯಿಂದ ಅಪ್ಪಿಕೊಂಡಳು. ಮೊದಲ ಸಲ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು.

"ಕೊಡಂಗಿಲ್ರಿ. ನಾ ಬಂದಾಗ ಅದೂ ಬರತೈತಿ. ಅಲ್ಲೀತನಕ ಬರೇ ನೆಲದ ಮ್ಯಾಲ ನಡಸ್ರಿ ನಿಮ್ಮ ಕುರಿ."