ರೇಡಿಯೇಟರಿನಲ್ಲಿ ಅರಿಶಿನ

“ನೀನು ಮೆಕ್ಯಾನಿಕ್ಕೋ, ಗುಜರಿಯವನೋ? ಹದಿನೈದು ದಿನದ ಹಿಂದೆ ಸರ್ವಿಸ್ ಮಾಡಿದ್ದೀಯ. ನಿನ್ನೆ ಇಂಜಿನ್ ಕುದ್ದು ನಡುದಾರೀಲಿ ನಿಂತೋಯ್ತು.”

“ನೆಟ್ಟಗೆ ಮಾತಾಡಿ ಸಾರ್. ಬಾನೆಟ್ ಎತ್ತಕ್ ಮುಂಚೇನೇ ತೀರ್ಪು ಕೊಟ್ಬುಟ್ರೆ ನಾನ್ಯಾಕ್ ಇಲ್ಲಿರ್ಬೇಕು?”

ಪುಟ್ಟರಾಜು ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲೆ ಕುಕ್ಕಿದ. ಅವನ ಕೆಲಸದಷ್ಟೇ ಅವನ ಕೋಪಕ್ಕೂ ಪಾಂಡವಪುರದಲ್ಲಿ ಹೆಸರಿತ್ತು. ಎದುರಿಗೆ ನಿಂತು ಕೂಗಾಡುತ್ತಿದ್ದವನು ನಾಗಮಂಗಲದ ಶಿವಶಂಕರ್. ಕಾರು ಅವನದಲ್ಲ, ಮಾನಸಳದು. ಮುಂದಿನ ತಿಂಗಳು ಅವನು ಅವಳನ್ನು ಮದುವೆಯಾಗುವವನು.

ಊರೂರಿನ ಡೇರಿಗಳಿಗೆ ಹೋಗಿ ಹಾಲು ಪರೀಕ್ಷೆ ಮಾಡುವುದು ಮಾನಸಳ ಕೆಲಸ. ಎರಡು ವರ್ಷದಿಂದ ಅವಳ ಕಾರಿಗೆ ಪುಟ್ಟರಾಜುವೇ ವೈದ್ಯ. ಮೂವತ್ತಾರು ದಾಟಿದ ಅವನನ್ನು ಗಿರಾಕಿಗಳೆಲ್ಲ ಅಣ್ಣ ಎನ್ನುತ್ತಾರೆ. ಅವಳೊಬ್ಬಳು ಮಾತ್ರ ಒಂದು ದಿನವೂ ಅಂದಿಲ್ಲ. ಆ ಒಂದು ವಿಷಯವನ್ನು ಅವನು ಯಾರಿಗೂ ಹೇಳದೆ ಎದೆಯಲ್ಲಿ ಇಟ್ಟುಕೊಂಡಿದ್ದ.

ಇವತ್ತು ಅವಳು ಗ್ಯಾರೇಜಿನ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದಳು.

“ತಪ್ಪು ನಂದೇ ಇರ್ಬೇಕು. ಹೀಟ್ ಮೀಟರ್ ಮುಳ್ಳು ನೋಡ್ದೆ ಓಡಿಸ್ಬುಟ್ಟೆ ಅಂತ ಇವ್ರು ನಿನ್ನೆಯಿಂದ ಹೇಳ್ತಾವ್ರೆ.”

“ಅದೂ ಇರ್ಬೋದು. ನಂದೂ ಇರ್ಬೋದು. ನೋಡಾನ ಇರಿ ಮೇಡಮ್.”

ಹಾಗೆಂದು ಅವನು ಬಾನೆಟ್ ಎತ್ತಿದ. ಸರ್ವಿಸಿನಲ್ಲಿ ತಾನು ಹಾಕಿದ ನೀರಿನ ಪೈಪೇ ಸಡಿಲಾಗಿದ್ದರೆ? ಅವಳು ಹೇಗೂ ಇನ್ನೊಬ್ಬನ ಮನೆ ಸೇರುವವಳು. ಅವಳ ಕಣ್ಣಲ್ಲಿ ತನ್ನ ಕೈಕೆಲಸದ ಮೇಲಿದ್ದ ನಂಬಿಕೆಯೂ ಹೋದರೆ ತನಗೆ ಏನೂ ಉಳಿಯುವುದಿಲ್ಲ. ಮೊದಲು ಆ ಪೈಪನ್ನೇ ಮುಟ್ಟಿ ನೋಡಿದ. ಅದನ್ನು ಬಿಗಿದಿದ್ದ ಕ್ಲಾಂಪು ಅಲುಗಾಡಲಿಲ್ಲ. ಹೋದ ಉಸಿರು ಅರ್ಧ ಹಿಂದೆ ಬಂತು.

ಆಯಿಲ್ ಅಳೆಯುವ ಕಡ್ಡಿ ಎಳೆದ. ಕಪ್ಪಗಿರಬೇಕಾದ ಆಯಿಲು ಹಾಲು ಹೆಚ್ಚಾದ ಕಾಫಿಯಂತಾಗಿತ್ತು. ರೇಡಿಯೇಟರಿಗೆ ನೀರು ತುಂಬಿ, ಮುಚ್ಚಳ ತೆಗೆದಿಟ್ಟೇ ಮಾನಸಳ ಕೈಲಿ ಸ್ಟಾರ್ಟ್ ಮಾಡಿಸಿದ. ಸೈಲೆನ್ಸರಿನಿಂದ ಬೆಳ್ಳನೆ ಹೊಗೆ ಎದ್ದಿತು. ರೇಡಿಯೇಟರಿನ ಬಾಯಲ್ಲಿ ಗುಳುಗುಳು ಗುಳ್ಳೆ.

“ಆಫ್ ಮಾಡಿ. ಹೆಡ್ ಗ್ಯಾಸ್ಕೆಟ್ ಹೋಗ್ಯದೆ. ಇಂಜಿನ್ ತಲೆಗೂ ಮೈಗೂ ಮಧ್ಯ ಒಂದು ತೆಳ್ಳನೆ ಹಾಳೆ ಇರ್ತದೆ. ನೀರು, ಆಯಿಲು, ಬೆಂಕಿ ಮೂರನ್ನೂ ಬೇರೆಬೇರೆ ಇಡೋದು ಅದೇಯ. ಜಾಸ್ತಿ ಕಾದು ಸುಟ್ಟೋಗ್ಯದೆ.”

ಹೇಳುತ್ತ ಹೇಳುತ್ತ ಅವನು ಬಗ್ಗಿ ಮೂಗು ಹತ್ತಿರ ತಂದ. ಸರ್ವಿಸಿನಲ್ಲಿ ತಾನು ತುಂಬಿದ್ದು ಇಂಜಿನ್ ತಂಪಿಡುವ ಹಸಿರು ಕೂಲೆಂಟು. ಮೇಲೆ ಬಂದಿದ್ದು ಹಳದಿ ನೊರೆ. ಬೆರಳು ಅದ್ದಿ ಎತ್ತಿದ.

“ಅರಿಶಿನ. ರೇಡಿಯೇಟರ್ ಸೋರಿದ್ರೆ ಲಾರಿಯವ್ರು ಹಾಕ್ತಾರೆ, ತೂತು ಮುಚ್ಕಳ್ಳಿ ಅಂತ. ಊರು ಸೇರೋಗಂಟ ಸರಿ, ಆಮೇಲೆ ಒಳಗೆ ಕಟ್ಕಂಡು ಇಂಜಿನ್ ಕಾಯ್ತದೆ. ನೀವ್ ಹಾಕಿದ್ರಾ ಮೇಡಮ್?”

“ನನಗೆ ಈ ವಿಷಯನೇ ಗೊತ್ತಿಲ್ಲ.” ಮಾನಸ ನಿಧಾನಕ್ಕೆ ಶಿವಶಂಕರನ ಕಡೆ ತಿರುಗಿದಳು. “ಭಾನುವಾರ ಫ್ರೆಂಡ್ಸ್ ಕರ್ಕೊಂಡು ಮೇಲುಕೋಟೆಗೆ ಹೋಗಿದ್ರಲ್ಲ ನೀವು. ಏನಾಯ್ತು?”

ಶಿವಶಂಕರ್ ಮೊಬೈಲು ನೋಡಿಕೊಂಡ. “ಜಕ್ಕನಹಳ್ಳಿ ಹತ್ರ ಕಲ್ಲು ಬಡಿದು ಸ್ವಲ್ಪ ಲೀಕ್ ಆಯ್ತು. ಯಾವನೋ ಡ್ರೈವರ್ ಹೇಳ್ದ, ಒಂದು ಪ್ಯಾಕೆಟ್ ಹಾಕ್ದೆ. ಬೆಟ್ಟ ಹತ್ತಿ ಬಂದೆನಲ್ಲ. ಅದಕ್ಕೇನೀಗ?”

“ಅರಿಶಿನ ಹಾಕಿದ್ದಕ್ಕೆ ನಾನೇನೂ ಅಂತಿಲ್ಲ. ನನಗೊಂದು ಮಾತು ಹೇಳ್ಬೋದಿತ್ತು. ಹೇಳದೆ ಕೀ ಕೊಟ್ರಿ. ನಿನ್ನೆಯಿಂದ ಹೆಂಗಸರಿಗೆ ಗಾಡಿ ಬರಲ್ಲ ಅಂತ ಅಮ್ಮನ ಎದುರಿಗೂ ಬೈದ್ರಿ. ಈಗ ಇವ್ರನ್ನ ಗುಜರಿಯವನು ಅಂದ್ರಿ.”

“ಒಬ್ಬ ಮೆಕ್ಯಾನಿಕ್ ಮುಂದೆ ನನ್ನ ಮರ್ಯಾದೆ ತೆಗೀತಿದ್ದೀಯ ನೀನು. ಬಸ್ ಸ್ಟ್ಯಾಂಡಲ್ಲಿರ್ತೀನಿ. ಹತ್ತು ನಿಮಿಷ ಟೈಮು. ಬಂದು ಸಾರಿ ಕೇಳಿದ್ರೆ ಮದುವೆ. ಇಲ್ದಿದ್ರೆ ಇಲ್ಲ.”

ಅವನು ಬಿರಬಿರನೆ ನಡೆದುಬಿಟ್ಟ.

ಪುಟ್ಟರಾಜು ಹಳೇ ಬಟ್ಟೆಗೆ ಕೈ ಒರೆಸಿಕೊಂಡ. ಎಷ್ಟು ಒರೆಸಿದರೂ ಬೆರಳಿನ ಹಳದಿ ಹೋಗಲೊಲ್ಲದು. “ಹೋಗಿ ಮೇಡಮ್. ಒಂದು ಗ್ಯಾಸ್ಕೆಟ್ಟಿಗೆ ಮದುವೆ ಮುರೀಬಾರ್ದು.”

“ಗ್ಯಾಸ್ಕೆಟ್ಟಿಗಲ್ಲ. ಸುಳ್ಳಿಗೆ.” ಅವಳು ಸ್ಟೂಲು ಎಳೆದುಕೊಂಡು ಕೂತಳು. “ರಿಪೇರಿಗೆ ಎಷ್ಟು ದಿನ?”

“ಹೆಡ್ ಬಿಚ್ಚಿ ಮೈಸೂರಿಗೆ ಕಳಿಸ್ಬೇಕು. ನಾಕು ದಿನ.”

“ನಾಕು ದಿನವೂ ನಾನು ಬಂದು ನೋಡ್ಬೋದಾ? ಇಲ್ಲಾ, ಫ್ಯಾನ್ ಬೆಲ್ಟ್ ಟೈಟ್ ಮಾಡ್ಬೇಕು ಅಂತ ನೀವೇ ಕರೆಯೋ ತನಕ ಕಾಯ್ಬೇಕಾ?”

ಅವನ ಕಿವಿ ಕೆಂಪಾಯಿತು.

“ಎರಡು ವರ್ಷದಲ್ಲಿ ಹನ್ನೊಂದು ಸಲ ಟೈಟ್ ಮಾಡಿದ್ದೀರಿ. ಅಷ್ಟು ಸಡಿಲ ಆಗೋ ಬೆಲ್ಟು ಯಾವ ಕಂಪ್ನೀದು?” ಅವಳ ಕಣ್ಣು ನಗುತ್ತಿತ್ತು, ರೆಪ್ಪೆಯ ಅಂಚು ಇನ್ನೂ ಒದ್ದೆಯಿತ್ತು.

“ಗೊತ್ತಿದ್ರೂ ಯಾಕ್ ಬತ್ತಿದ್ರಿ?”

“ನೀವು ಬಾಯಿ ಬಿಡ್ತೀರೇನೋ ಅಂತ. ಬಿಡ್ಲಿಲ್ಲ. ಅಮ್ಮ ತೋರಿಸಿದವರಿಗೆ ಹೂಂ ಅಂದೆ. ಎಲ್ಲರ ಥರ ನಾನೂ ಅಣ್ಣ ಅಂತಿದ್ರೆ ಚೆನ್ನಾಗಿತ್ತು. ಈಗಲಾದ್ರೂ ಅನ್ಲಾ?”

“ಬ್ಯಾಡಿ.” ಪುಟ್ಟರಾಜು ಅಷ್ಟು ಮೆತ್ತಗೆ ಮಾತಾಡಿದ್ದು ಅದೇ ಮೊದಲು. “ಅದೊಂದು ಮಾತ್ರ ಅನ್ಬ್ಯಾಡಿ. ನೀವ್ ಹೋದ್ರೆ ಈ ಅಂಗಡೀಲಿ ನನಗೇನೂ ಇಲ್ಲ.”

ಅವಳು ಉಸಿರು ಬಿಟ್ಟಳು. ನಿನ್ನೆಯಿಂದ ಹೊತ್ತಿದ್ದ ತಪ್ಪೆಲ್ಲ ಅದರ ಜೊತೆಗೇ ಇಳಿದು ಹೋದಂತಿತ್ತು.

ಹತ್ತು ನಿಮಿಷ ಯಾವಾಗಲೋ ಆಗಿತ್ತು. ಹೊರಗೆ ನಾಗಮಂಗಲದ ಬಸ್ಸು ಹಾರ್ನ್ ಹೊಡೆಯುತ್ತ ಗ್ಯಾರೇಜಿನ ಮುಂದೆಯೇ ಹಾದುಹೋಯಿತು. ಕಿಟಕಿಯಲ್ಲಿ ಶಿವಶಂಕರ್ ನೆಟ್ಟಗೆ ಮುಂದೆ ನೋಡುತ್ತ ಕೂತಿದ್ದ. ಬಸ್ಸು ತಿರುವಿನಲ್ಲಿ ನಿಂತಾಗ ಇಳಿದು ಬರುತ್ತಾನೇನೋ ಎಂದು ಇಬ್ಬರೂ ನೋಡಿದರು. ಇಬ್ಬರು ಹೆಂಗಸರು ಹತ್ತಿದರು. ಯಾರೂ ಇಳಿಯಲಿಲ್ಲ.